ನಗರವೂ ಅಪರಾಧದ ಲೆಕ್ಕವೂ

ಅಂಕಗಣಿತವೆಂಬುದು ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಕ್ಕಾಗಿ ಕಲಿಯತಕ್ಕ ವಿಷಯವೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಭಾವಿಸಿರುತ್ತಾರೆ. ಭಾಗಾಕಾರವನ್ನೂ ಸರಾಸರಿಯನ್ನೂ ಅರಿತವನು ಸುಳ್ಳು ಭಯಕ್ಕೂ ಸುಳ್ಳು ಧೈರ್ಯಕ್ಕೂ ಬೇಗನೆ ವಶನಾಗುವುದಿಲ್ಲವೆಂಬುದು ನಮ್ಮ ಅನುಭವ. ಇದಕ್ಕೆ ದೃಷ್ಟಾಂತವಾಗಿ ಒಂದು ಪ್ರಸಂಗವನ್ನು ಹೇಳಿ, ಅದರಿಂದ ಹುಟ್ಟಿದ ಪಾಠವನ್ನು ಈ ಸಂಚಿಕೆಯ ಮೂಲಕ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಒಪ್ಪಿಸುತ್ತೇವೆ.

ಕೆಲಕಾಲದ ಹಿಂದೆ, ಬೇಸಿಗೆಯ ರಜೆಯಲ್ಲಿ, ನಮ್ಮ ಶಾಲೆಯಲ್ಲಿ ಓದಿ ಮುಗಿಸಿದ್ದ ಹುಡುಗಿಯೊಬ್ಬಳ ತಂದೆಯವರು ನಮ್ಮನ್ನು ಕಾಣಲು ಬಂದರು. ಮಗಳಿಗೆ ಬೆಂಗಳೂರಿನ ಕಾಲೇಜೊಂದರಲ್ಲಿ ಸ್ಥಳ ದೊರೆತಿತ್ತು. ಅವರ ಕೈಯಲ್ಲಿ ನಾಲ್ಕಾಗಿ ಮಡಿಸಿದ ವೃತ್ತಪತ್ರಿಕೆಯ ತುಂಡು. ಬೆಂಗಳೂರಿನಲ್ಲಿ ಅಪರಾಧಗಳು ಹೆಚ್ಚಿದುವೆಂದು ಅದರಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. “ಮೇಷ್ಟ್ರೇ, ಹುಡುಗಿಯನ್ನು ಕಳುಹಿಸಲೋ, ಬೇಡವೋ? ನೀವೇ ಹೇಳಬೇಕು” ಎಂದರು. ಹರೂರಿನಲ್ಲಿ ಬಸ್ಸು ಹತ್ತಿ ಧರ್ಮಪುರಿ, ಕೃಷ್ಣಗಿರಿ, ಹೊಸೂರುಗಳನ್ನು ದಾಟಿದರೆ ಬೆಂಗಳೂರು. ಗಡಿಯ ಈಚೆಗಿರುವ ನಮಗೆ ಅದು ನುಡಿಯ ಊರು, ಓದಿನ ಊರು, ಉದ್ಯೋಗದ ಊರು. ಆ ತಂದೆಯವರ ಪ್ರಶ್ನೆಯನ್ನು ಈ ಊರಿನ ಎಷ್ಟೋ ಮನೆಗಳಲ್ಲಿ ಕೇಳಿದ್ದೇವೆ. ಒಡನೆಯೇ ಉತ್ತರ ಕೊಡಲು ನಮಗೆ ಮನಸ್ಸು ಬರಲಿಲ್ಲ. ಮೊದಲು ಅವರೊಡನೆ ಕುಳಿತು ಆ ಸುದ್ದಿಯನ್ನು ಓದಿದೆವು.

1. ಸಂಖ್ಯೆ ಬೇರೆ, ಪ್ರಮಾಣ ಬೇರೆ

50,000 ಜನರಿರುವ ಒಂದು ಪೇಟೆಯಲ್ಲಿ ವರ್ಷಕ್ಕೆ 10 ಕಳವುಗಳಾದುವೆಂದೂ, 50 ಲಕ್ಷ ಜನರಿರುವ ಒಂದು ನಗರದಲ್ಲಿ 500 ಕಳವುಗಳಾದುವೆಂದೂ ಊಹಿಸಿಕೊಳ್ಳೋಣ. 500 ಎಂಬ ಸಂಖ್ಯೆ ಕಿವಿಗೆ ಭಯಂಕರವಾಗಿ ಕೇಳುತ್ತದೆ. ಆದರೆ ಲೆಕ್ಕ ಹಾಕಿದರೆ ಪೇಟೆಯಲ್ಲಿ ಲಕ್ಷ ಜನರಿಗೆ 20, ನಗರದಲ್ಲಿ ಲಕ್ಷ ಜನರಿಗೆ 10. ಹೀಗೆ ಲಕ್ಷ ಜನಸಂಖ್ಯೆಗೆ ಇಷ್ಟು ಎಂದು ಹೇಳುವುದನ್ನೇ ಅಪರಾಧದ ಪ್ರಮಾಣವೆನ್ನುತ್ತಾರೆ. ಊರನ್ನು ಊರಿಗೆ, ಇಂದಿನ ಕಾಲವನ್ನು ಹಿಂದಿನ ಕಾಲಕ್ಕೆ ಹೋಲಿಸಬೇಕಾದರೆ ಪ್ರಮಾಣವೇ ತಕ್ಕ ಅಳತೆ.

1951ರ ಜನಗಣತಿಯ ಕಾಲದಲ್ಲಿ ಬೆಂಗಳೂರಿನ ಜನಸಂಖ್ಯೆ 8 ಲಕ್ಷಕ್ಕೆ ಸ್ವಲ್ಪ ಕಡಿಮೆ. 2011ರಲ್ಲಿ ಅದು ಸುಮಾರು 85 ಲಕ್ಷ. ಅರುವತ್ತು ವರ್ಷಗಳಲ್ಲಿ ಊರು ಹೆಚ್ಚುಕಡಿಮೆ ಹನ್ನೊಂದು ಪಟ್ಟು ಬೆಳೆದಿರುವಾಗ, ಅಪರಾಧಗಳ ಒಟ್ಟು ಸಂಖ್ಯೆ ಬೆಳೆಯದಿದ್ದರೆ ಅದೇ ಸೋಜಿಗವಾಗುತ್ತಿತ್ತು.

ಇಲ್ಲಿ ಇನ್ನೊಂದು ಸೂಕ್ಷ್ಮವೂ ಉಂಟು. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಮುಂದಕ್ಕೆ ಹೋಯಿತು. ಆದಕಾರಣ ದೊಡ್ಡ ನಗರಗಳ ಪ್ರಮಾಣವನ್ನು ಬಹುಕಾಲ 2011ರ ಜನಸಂಖ್ಯೆಯಿಂದಲೇ ಭಾಗಿಸುತ್ತ ಬಂದಿದ್ದಾರೆ. ಭಾಜ್ಯವು ಈ ವರ್ಷದ್ದು, ಭಾಜಕವು ಹಳೆಯದು. ಭಾಜಕ ಚಿಕ್ಕದಾದರೆ ಭಾಗಲಬ್ಧ ದೊಡ್ಡದಾಗುತ್ತದೆಂಬುದನ್ನು ನಮ್ಮ ಐದನೆಯ ತರಗತಿಯ ಮಕ್ಕಳೂ ಬಲ್ಲರು. ವೇಗವಾಗಿ ಬೆಳೆದಿರುವ ನಗರವು ಈ ಲೆಕ್ಕದಲ್ಲಿ ತಾನಿರುವುದಕ್ಕಿಂತ ಹೆಚ್ಚು ಕೆಟ್ಟದ್ದಾಗಿ ತೋರುವುದು ಹೀಗೆ.

2. ಕೊಲೆಯ ಲೆಕ್ಕ

ನಮ್ಮ ದೇಶದಲ್ಲಿ ಅಪರಾಧಗಳ ವಾರ್ಷಿಕ ವರದಿ 1953ರ ಸಾಲಿನಿಂದ ಪ್ರಕಟವಾಗುತ್ತಿದೆ. 1986ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯು ಈಗ ಆ ಕೆಲಸವನ್ನು ನಡೆಸುತ್ತಿದೆ. ಈ ವರದಿಗಳಲ್ಲಿ ಹೆಚ್ಚು ನಂಬಬಹುದಾದ ಅಂಕಿ ಕೊಲೆಯದು. ಕಳುವಾದ ಸೈಕಲ್ಲನ್ನು ಜನರು ಮರೆತುಬಿಡಬಹುದು, ಸತ್ತ ಮನುಷ್ಯನನ್ನು ಮರೆಮಾಡುವುದು ಸುಲಭವಲ್ಲ.

1992ರಲ್ಲಿ ಇಡೀ ದೇಶದಲ್ಲಿ ದಾಖಲಾದ ಕೊಲೆಗಳು 40,000ಕ್ಕೂ ಮಿಕ್ಕಿ, ಲಕ್ಷಕ್ಕೆ ಸುಮಾರು 4.6. 2022ರಲ್ಲಿ ಅವು 28,522, ಲಕ್ಷಕ್ಕೆ 2.1. ಮೂವತ್ತು ವರ್ಷಗಳಲ್ಲಿ ಪ್ರಮಾಣವು ಅರ್ಧಕ್ಕಿಂತಲೂ ಕೆಳಗಿಳಿಯಿತು. ಬೆಂಗಳೂರಿನಲ್ಲಿ 2019ರಲ್ಲಿ 210, 2020ರಲ್ಲಿ 179, 2021ರಲ್ಲಿ 152, 2022ರಲ್ಲಿ 173 ಕೊಲೆಗಳು ದಾಖಲಾದುವು. 173ನ್ನು 2011ರ 85 ಲಕ್ಷದಿಂದ ಭಾಗಿಸಿದರೂ ಲಕ್ಷಕ್ಕೆ ಸುಮಾರು 2. ಎಂದರೆ, ಹಳ್ಳಿಗಳನ್ನೂ ಪೇಟೆಗಳನ್ನೂ ಕೂಡಿಸಿದ ಇಡೀ ದೇಶದ ಸರಾಸರಿಗೆ ಬೆಂಗಳೂರು ಹೆಚ್ಚುಕಡಿಮೆ ಸಮನಾಗಿಯೇ ಇದೆ.

ಹೊರದೇಶದ ಒಂದು ಉದಾಹರಣೆಯನ್ನೂ ಕೊಡಬಹುದು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 1990ರಲ್ಲಿ 2,200ಕ್ಕೂ ಹೆಚ್ಚು ಕೊಲೆಗಳಾದುವು. 2017ರಲ್ಲಿ ಅವು 300ಕ್ಕಿಂತ ಕಡಿಮೆಯಾದುವು. ಇದಕ್ಕೆ ಕಾರಣವೇನೆಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಏಕಾಭಿಪ್ರಾಯವಿಲ್ಲ. ನಗರಗಳು ಬೆಳೆದಂತೆಲ್ಲ ಕೆಡಲೇಬೇಕೆಂಬ ನಿಯಮವಿಲ್ಲವೆಂಬುದಂತೂ ಇದರಿಂದ ತಿಳಿಯುತ್ತದೆ.

3. ಅಂಕಿ ಏರಿದರೆ ಅಪರಾಧ ಏರಿತೇ?

2020ರಲ್ಲಿ ದೇಶದ ಒಟ್ಟು ಪ್ರಕರಣಗಳು ಹಿಂದಿನ ವರ್ಷಕ್ಕಿಂತ ನೂರಕ್ಕೆ 28ರಷ್ಟು ಹೆಚ್ಚಿದುವು. ಜನರು ಒಂದೇ ವರ್ಷದಲ್ಲಿ ಅಷ್ಟು ದುಷ್ಟರಾದರೆ? ಆ ವರ್ಷ ಕೊರೋನಾ ಸಾಂಕ್ರಾಮಿಕದ ದೆಸೆಯಿಂದ ಎಲ್ಲರೂ ಮನೆಯಲ್ಲಿರಬೇಕೆಂದು ಆಜ್ಞೆಯಾಗಿತ್ತು. ಸರ್ಕಾರೀ ಆಜ್ಞೆಯನ್ನು ಮೀರಿದರೆಂದು ದಾಖಲಾದ ಪ್ರಕರಣಗಳು 2019ರಲ್ಲಿ ಸುಮಾರು 29,000 ಇದ್ದುವು, 2020ರಲ್ಲಿ 6 ಲಕ್ಷವನ್ನು ದಾಟಿದುವು. ನಮ್ಮ ತಮಿಳುನಾಡಿನಲ್ಲಿಯೂ ಇಂಥವು ಬಹಳ. ಅದೇ ವರ್ಷ ಕಳವುಗಳು ಕಡಿಮೆಯಾದುವು. ಒಟ್ಟು ಮೊತ್ತವನ್ನು ಮಾತ್ರ ನೋಡಿದವನು ನಿಜಕ್ಕೆ ತೀರ ವಿರುದ್ಧವಾದುದನ್ನು ನಂಬುತ್ತಾನೆ.

ಎಣಿಸುವ ಕ್ರಮವನ್ನೂ ತಿಳಿದಿರಬೇಕು. ಒಂದೇ ಪ್ರಕರಣದಲ್ಲಿ ದರೋಡೆಯೂ ಕೊಲೆಯೂ ನಡೆದಿದ್ದರೆ, ವರದಿಯಲ್ಲಿ ಎರಡರಲ್ಲಿ ಘೋರವಾದ ಕೊಲೆಯೊಂದನ್ನೇ ಎಣಿಸುತ್ತಾರೆ. ದರೋಡೆಯು ಲೆಕ್ಕದಿಂದ ಬಿಟ್ಟುಹೋಗುತ್ತದೆ.

4. ಲೆಕ್ಕಕ್ಕೆ ಬಾರದ ಅಪರಾಧ

ಠಾಣೆಯ ಪುಸ್ತಕದಲ್ಲಿ ಬರೆದುದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಬರೆಯದೆ ಉಳಿದುದರ ಗತಿಯೇನು? ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಹರೂರಿಗೆ ಅನತಿದೂರದಲ್ಲಿ, ಸಿತ್ತೇರಿ ಬೆಟ್ಟದ ತಪ್ಪಲಿನಲ್ಲಿ, ವಾಚಾತ್ತಿ ಎಂಬ ಗಿರಿಜನರ ಹಳ್ಳಿಯಿದೆ. 1992ರ ಜೂನ್ 20ರಂದು ಶ್ರೀಗಂಧದ ಕಳ್ಳಸಾಗಣೆಯನ್ನು ಹುಡುಕುವ ನೆಪದಲ್ಲಿ ಅರಣ್ಯ, ಪೋಲೀಸ್, ಕಂದಾಯ ಇಲಾಖೆಗಳವರು ಆ ಹಳ್ಳಿಗೆ ನುಗ್ಗಿ, ಜನರನ್ನು ಹೊಡೆದು, ಮನೆಗಳನ್ನು ಹಾಳುಮಾಡಿದರು. ಹದಿನೆಂಟು ಮಂದಿ ಹೆಣ್ಣುಮಕ್ಕಳು ಅತ್ಯಾಚಾರಕ್ಕೆ ಗುರಿಯಾದರು. ಹೈಕೋರ್ಟಿನ ಆಜ್ಞೆಯ ಮೇಲೆ 1995ರಲ್ಲಿ ಸಿ.ಬಿ.ಐ. ತನಿಖೆಯನ್ನು ಕೈಗೊಂಡಿತು. 269 ಮಂದಿ ಆರೋಪಿಗಳಲ್ಲಿ 54 ಮಂದಿ ವಿಚಾರಣೆ ಮುಗಿಯುವ ಮೊದಲೇ ತೀರಿಕೊಂಡರು. ಉಳಿದ 215 ಮಂದಿಯೂ ಅಪರಾಧಿಗಳೆಂದು 2011ರ ಸೆಪ್ಟೆಂಬರಿನಲ್ಲಿ ಧರ್ಮಪುರಿಯ ನ್ಯಾಯಾಲಯ ತೀರ್ಪಿತ್ತಿತು. 2023ರಲ್ಲಿ ಮದರಾಸು ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಪರಾಧವನ್ನು ಬರೆದುಕೊಳ್ಳಬೇಕಾದವರೇ ಅಪರಾಧ ಮಾಡಿದವರ ಗುಂಪಿನಲ್ಲಿದ್ದಾಗ, ಆ ವರ್ಷದ ಪಟ್ಟಿಯನ್ನು ಓದಿದವನಿಗೆ ಏನು ತಾನೆ ತಿಳಿದೀತು? ಲೆಕ್ಕದಲ್ಲಿ ಶಾಂತವಾಗಿ ತೋರುವ ಊರೆಲ್ಲ ಶಾಂತವಾದ ಊರೆಂದು ಎಣಿಸಬಾರದು. ದೂರು ಕೊಡುವ ಧೈರ್ಯವೂ, ಅದನ್ನು ಬರೆದುಕೊಳ್ಳುವ ಪ್ರಾಮಾಣಿಕತೆಯೂ ಹೆಚ್ಚಿದ ಕಡೆ ಅಂಕಿ ಏರುವುದು ಕೆಲವೊಮ್ಮೆ ಶುಭಸೂಚನೆಯೇ ಆಗಿರುತ್ತದೆ.

5. ಹೊಸ ಬಗೆಯ ಕಳವು

ಬೆಂಗಳೂರಿನಲ್ಲಿ ನಿಜವಾಗಿ ಚಿಂತಿಸಬೇಕಾದ ಏರಿಕೆ ಒಂದುಂಟು. ಅದು ಫೋನು ಮತ್ತು ಕಂಪ್ಯೂಟರುಗಳ ಮೂಲಕ ನಡೆಯುವ ವಂಚನೆ. ಇಂಥ ಪ್ರಕರಣಗಳು 2021ರಲ್ಲಿ 6,423, 2022ರಲ್ಲಿ 9,940, 2023ರಲ್ಲಿ 17,631. ಎರಡೇ ವರ್ಷಗಳಲ್ಲಿ ಎರಡೂವರೆ ಪಟ್ಟಿಗೂ ಮಿಕ್ಕಿತು. ಬೆಂಗಳೂರಿನಲ್ಲಿ 2001ರಷ್ಟು ಹಿಂದೆಯೇ ಇದಕ್ಕಾಗಿ ಪ್ರತ್ಯೇಕ ಠಾಣೆ ಏರ್ಪಟ್ಟಿತು. ಮುಂದೆ ನಗರದ ವಿಭಾಗಗಳಲ್ಲಿಯೂ ಇಂಥ ಠಾಣೆಗಳಾದುವು. ದೂರು ಕೊಡಲು ಬಾಗಿಲು ಹೆಚ್ಚಾದುದರಿಂದಲೂ ಅಂಕಿ ಸ್ವಲ್ಪಮಟ್ಟಿಗೆ ಏರಿರಬೇಕು. ಹಾಗೆಂದು ಈ ಏರಿಕೆಯನ್ನು ತಳ್ಳಿಹಾಕುವಂತಿಲ್ಲ.

ಈ ಕಳ್ಳನಿಗೆ ಊರಿನ ಗಡಿಯಿಲ್ಲ. ಇದನ್ನು ನಾವು ಸ್ವಂತ ನಷ್ಟದಿಂದ ಬಲ್ಲೆವು. ಒಮ್ಮೆ ಬ್ಯಾಂಕಿನವರೆಂದು ಹೇಳಿಕೊಂಡು ಯಾರೋ ನಮಗೆ ಫೋನು ಮಾಡಿದರು. ಅವರು ಕೇಳಿದ ಆರು ಅಂಕಿಗಳನ್ನು ನಾವು ಓದಿ ಹೇಳಿದೆವು. ಕ್ಷಣಮಾತ್ರದಲ್ಲಿ ನಾಲ್ಕು ಸಾವಿರ ರೂಪಾಯಿಗಳು ಹೋದುವು. ಹೆಡ್ಮಾಸ್ಟರರೇ ಮೋಸಹೋದರೆಂದು ಊರು ನಕ್ಕೀತೆಂಬ ನಾಚಿಕೆಯಿಂದ ಠಾಣೆಗೆ ಹೋಗಲಿಲ್ಲ, ಮನೆಯಲ್ಲಿಯೂ ತಿಂಗಳ ಕಾಲ ಹೇಳಲಿಲ್ಲ. ಆ ವರ್ಷದ ಹರೂರಿನ ಲೆಕ್ಕದಲ್ಲಿ ಒಂದು ಅಂಕಿ ಕಡಿಮೆಯಾದುದು ನಮ್ಮಿಂದಲೇ. ದೂರು ಕೊಟ್ಟಿದ್ದರೆ ಇನ್ನೊಬ್ಬರ ಹಣ ಉಳಿಯುತ್ತಿತ್ತೋ ಏನೋ. ನಮ್ಮ ವಿದ್ಯಾರ್ಥಿಗಳು ಈ ತಪ್ಪನ್ನು ಮಾಡಬಾರದೆಂದೇ ಇದನ್ನು ಇಲ್ಲಿ ಬರೆದಿದ್ದೇವೆ.

6. ತಂದೆತಾಯಿಗಳಲ್ಲಿ ಬಿನ್ನಹ

ಫೋನಿನಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು. ಯಾವ ಆಪತ್ತಿಗಾದರೂ 112, ಹೆಣ್ಣುಮಕ್ಕಳಿಗೆ 181, ಮಕ್ಕಳಿಗೆ 1098 ಉಂಟು. ಅಪರಾಧ ಬೇರೆ ಠಾಣೆಯ ಎಲ್ಲೆಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ದೂರು ಕೊಟ್ಟವರಿಗೆ ಎಫ್.ಐ.ಆರ್. ಪ್ರತಿಯನ್ನು ಉಚಿತವಾಗಿ ಕೊಡತಕ್ಕದ್ದು.

ಈಗ ಆ ತಂದೆಯವರ ಪ್ರಶ್ನೆಗೆ ಬರೋಣ. ಲೆಕ್ಕವನ್ನೆಲ್ಲ ಕೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, “ಸರಿ ಮೇಷ್ಟ್ರೇ, ಊರಿನ ಲೆಕ್ಕ ತಿಳಿಯಿತು. ಹಾಸ್ಟೆಲಿನಿಂದ ಕಾಲೇಜಿಗೆ ಹೋಗುವ ಬೀದಿಯಲ್ಲಿ ದೀಪವುಂಟೋ ಇಲ್ಲವೋ, ಅದನ್ನು ಯಾವ ಪುಸ್ತಕದಲ್ಲಿ ಬರೆದಿದೆ?” ಎಂದು ಕೇಳಿದರು. ನಾವು ಹೇಳಿದ್ದಕ್ಕಿಂತ ಅವರು ಕೇಳಿದ್ದೇ ದೊಡ್ಡ ಪಾಠ. 85 ಲಕ್ಷ ಜನರ ಸರಾಸರಿಯು ಒಂದು ಬೀದಿಯ ಕತ್ತಲೆಯನ್ನು ತೋರಿಸಲಾರದು. ಆ ವಾರವೇ ತಂದೆಮಗಳಿಬ್ಬರೂ ಬೆಂಗಳೂರಿಗೆ ಹೋಗಿ, ಸಂಜೆ ಏಳು ಗಂಟೆಗೆ ಆ ದಾರಿಯನ್ನು ನಡೆದು ನೋಡಿ, ಮೊದಲು ಗೊತ್ತುಮಾಡಿದ್ದ ಹಾಸ್ಟೆಲನ್ನು ಬಿಟ್ಟು ಬೇರೊಂದನ್ನು ಆರಿಸಿದರು. ಹುಡುಗಿ ಈಗ ಅಲ್ಲಿ ಓದುತ್ತಿದ್ದಾಳೆ.

ಅಂಕಿಗಳನ್ನು ಓದಲು ಕಲಿಯಿರಿ, ಅಂಕಿಗಳು ಹೇಳದುದನ್ನು ಹೋಗಿ ನೋಡಲು ಕಲಿಯಿರಿ ಎಂದು ನಮ್ಮ ವಿದ್ಯಾರ್ಥಿಗಳಿಗೆ ಹೇಳಿ, ಎಲ್ಲರಿಗೂ ಶುಭವನ್ನು ಕೋರುತ್ತೇವೆ.

ಅಭ್ಯಾಸ

1. ಒಂದು ಪೇಟೆಯ ಜನಸಂಖ್ಯೆ 25,000. ಒಂದು ವರ್ಷದ ಕಳವುಗಳು 5. ಲಕ್ಷಕ್ಕೆ ಪ್ರಮಾಣವೆಷ್ಟು?

2. ಬೆಂಗಳೂರಿನ 2019 ಮತ್ತು 2021ರ ಕೊಲೆಗಳ ಸಂಖ್ಯೆಯನ್ನು 85 ಲಕ್ಷದಿಂದ ಭಾಗಿಸಿ ಪ್ರಮಾಣವನ್ನು ಕಂಡುಹಿಡಿಯಿರಿ. ನಡುವಿನ ಇಳಿಕೆಗೆ ಏನು ಕಾರಣವಿರಬಹುದು?

3. ನಿಮ್ಮ ಮನೆಯಲ್ಲಿ ಎಂದಾದರೂ ಏನಾದರೂ ಕಳುವಾಗಿತ್ತೇ? ಠಾಣೆಗೆ ದೂರು ಕೊಟ್ಟಿದ್ದರೇ? ಕೊಡದಿದ್ದರೆ ಏಕೆಂದು ಹಿರಿಯರನ್ನು ಕೇಳಿ ಬರೆಯಿರಿ.