ಮನೆಗೆ ಮುನ್ನ ನೆರೆಯನ್ನು ನೋಡಿ



'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ಹಿರಿಯರ ಮಾತು. ಬೆಂಗಳೂರಿನಲ್ಲಿ ಮನೆ ಕೊಳ್ಳಹೊರಟವರು ಇದಕ್ಕೆ ಇನ್ನೊಂದನ್ನು ಸೇರಿಸಬಹುದು: 'ಬಡಾವಣೆ ಆರಿಸಿ ನೋಡು.' ಅಡುಗೆಮನೆಯ ಕಲ್ಲು ಹಿಡಿಸದಿದ್ದರೆ ಬದಲಿಸಬಹುದು, ಗೋಡೆಗೆ ಬೇರೆ ಬಣ್ಣ ಬಳಿಸಬಹುದು. ಮನೆಯಿರುವ ಜಾಗವನ್ನು ಮಾತ್ರ ಬದಲಿಸಲಾಗದು. ಬ್ಯಾಂಕಿನ ಸಾಲ 20 ವರ್ಷದ್ದಾದರೆ, ಆ ಜಾಗದ ಸುಖದುಃಖವೂ ಅಷ್ಟು ವರ್ಷ ನಿಮ್ಮದೇ. ಆದ್ದರಿಂದ ಮುಂಗಡ ಹಣ ಕೊಡುವ ಮೊದಲು ಈ ಐದು ವಿಷಯಗಳನ್ನು ಮನೆಮಂದಿಯೆಲ್ಲ ಕುಳಿತು ವಿಚಾರ ಮಾಡಿ.

1. ನೀರು ಹರಿಯುವ ದಾರಿ

'ನೆರೆ' ಎಂಬ ಪದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥ: ಅಕ್ಕಪಕ್ಕದವರು ಮತ್ತು ಪ್ರವಾಹ. ಮನೆ ಕೊಳ್ಳುವವರು ಎರಡನ್ನೂ ನೋಡಬೇಕು. ಬೆಂಗಳೂರಿನ ಕೆರೆಗಳು ಸರಪಳಿಯಂತಿದ್ದವು. ಒಂದು ತುಂಬಿದರೆ ನೀರು ರಾಜಕಾಲುವೆಯ ಮೂಲಕ ಮುಂದಿನದಕ್ಕೆ ಹರಿಯುತ್ತಿತ್ತು. ಧರ್ಮಾಂಬುಧಿ ಕೆರೆಯಿದ್ದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆ ಹೋದರೂ ಮಳೆನೀರು ಹಳೆಯ ದಾರಿಯನ್ನು ಮರೆಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಕೋಟಿ ಬೆಲೆಯ ಮನೆಗಳಿಂದಲೂ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಕರೆತರಬೇಕಾಯಿತು. ಬಂಡೆಯ ಮೇಲೆ ಮನೆ ಕಟ್ಟಿದ ಜಾಣನ ಸಾಮತಿಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ನಿವೇಶನ ನೋಡುವಾಗಲೂ ಅದು ನೆನಪಿರಲಿ. ಕಂದಾಯ ಇಲಾಖೆಯ ಹಳೆಯ ಗ್ರಾಮ ನಕಾಶೆಯಲ್ಲಿ ಕೆರೆ, ಕಾಲುವೆ ಎಲ್ಲಿವೆಯೆಂದು ನೋಡಿ. ಜೋರು ಮಳೆ ಬಂದ ಮರುದಿನವೇ ಹೋಗಿ ಬನ್ನಿ. ಬೀದಿಯ ತುದಿಯ ಅಂಗಡಿಯವರನ್ನು ವಿಚಾರಿಸಿ. ಮಾರುವವರು ಹೇಳದ್ದನ್ನು ಅವರು ಹೇಳುತ್ತಾರೆ.

2. ಕುಡಿಯುವ ನೀರು

2007ರಲ್ಲಿ ಸುತ್ತಲಿನ 110 ಹಳ್ಳಿಗಳು ನಗರಕ್ಕೆ ಸೇರಿದವು. ಅಲ್ಲಿನ ಜನ ಬಹುಕಾಲ ಕೊಳವೆಬಾವಿ, ಟ್ಯಾಂಕರ್‌ಗಳನ್ನೇ ನಂಬಿದ್ದರು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಪಟ್ಟ ಪಾಡು ಯಾರೂ ಮರೆತಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ 5ನೇ ಹಂತ ಉದ್ಘಾಟನೆಯಾಯಿತು. ಆದರೆ ರಸ್ತೆಯಲ್ಲಿ ಕೊಳವೆ ಇದ್ದಮಾತ್ರಕ್ಕೆ ಮನೆಯ ನಲ್ಲಿಯಲ್ಲಿ ನೀರು ಬಂದಂತಲ್ಲ. ಜಲಮಂಡಳಿಯ ಬಿಲ್ಲನ್ನು ತೋರಿಸಲು ಕೇಳಿ. ಅಪಾರ್ಟ್‌ಮೆಂಟ್ ಆದರೆ ಮಾರ್ಚ್, ಏಪ್ರಿಲ್ ತಿಂಗಳ ಟ್ಯಾಂಕರ್ ಖರ್ಚನ್ನು ತಿಳಿದುಕೊಳ್ಳಿ.

3. ದಿನನಿತ್ಯದ ದಾರಿ

ಭಾನುವಾರ ಮಧ್ಯಾಹ್ನ ಮನೆ ನೋಡಲು ಹೋದವರಿಗೆ ಎಲ್ಲ ದಾರಿಯೂ ಹತ್ತಿರವೇ. ಸೋಮವಾರ ಬೆಳಿಗ್ಗೆ 8.30ಕ್ಕೆ ಅಲ್ಲಿಂದ ಕಚೇರಿಗೆ ಹೊರಟು ನೋಡಿ. ದಿನಕ್ಕೆ 3 ಗಂಟೆ ಪ್ರಯಾಣವೆಂದರೆ, ತಿಂಗಳಿಗೆ 25 ದಿನದಂತೆ ವರ್ಷಕ್ಕೆ 900 ಗಂಟೆ. ಅಂದರೆ 37 ಹಗಲು, 37 ರಾತ್ರಿ. ಮಕ್ಕಳ ಪಾಠ, ಗಂಡಹೆಂಡಿರ ಮಾತು, ರಾತ್ರಿಯ ಒಟ್ಟಿನ ಊಟ ಎಲ್ಲವೂ ಈ ಲೆಕ್ಕದಲ್ಲೇ ಕಳೆದುಹೋಗುತ್ತವೆ. ಮೆಟ್ರೋ 2023ರಲ್ಲಿ ವೈಟ್‌ಫೀಲ್ಡ್‌ವರೆಗೂ, 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೂ ಓಡಲಾರಂಭಿಸಿತು. ಓಡುತ್ತಿರುವ ರೈಲನ್ನು ಲೆಕ್ಕಕ್ಕೆ ಹಿಡಿಯಿರಿ. 'ಮುಂದೆ ಬರಲಿದೆ' ಎಂಬ ನಿಲ್ದಾಣಕ್ಕೆ ಇಂದೇ ಬೆಲೆ ಕೊಡಬೇಡಿ.

4. ಬಡಾವಣೆಯ ಕಾಗದಪತ್ರ

ಒಂದು ಮನೆಯ ಪತ್ರ ಚೆನ್ನಾಗಿದ್ದೂ ಇಡೀ ಬಡಾವಣೆಗೇ ಅನುಮೋದನೆ ಇಲ್ಲದಿರಬಹುದು. ಭೂಪರಿವರ್ತನೆ ಆಗಿದೆಯೇ? ಬಡಾವಣೆಯ ನಕ್ಷೆಗೆ ಪ್ರಾಧಿಕಾರದ ಒಪ್ಪಿಗೆ ಇದೆಯೇ? ಖಾತೆ 'ಎ'ಯೋ 'ಬಿ'ಯೋ? ಮೂಲಪತ್ರ, ಋಣಭಾರ ಪತ್ರ ಸರಿಯಿವೆಯೇ? ಹೊಸ ಅಪಾರ್ಟ್‌ಮೆಂಟಿನ ರೇರಾ ನೋಂದಣಿ ಸಂಖ್ಯೆಯನ್ನೂ ಪರಿಶೀಲಿಸಿ. ಮಾರುವವರು ಸೂಚಿಸಿದ ವಕೀಲರು ಬೇಡ, ನೀವೇ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ಅವರಿಗೆ ಕೊಡುವ ಶುಲ್ಕ ದಂಡವಲ್ಲ. ಜೀವಮಾನದ ಉಳಿತಾಯಕ್ಕೆ ಹಾಕಿದ ಬೇಲಿ.

5. ಹಗಲಿಡೀ ಮನೆಯಲ್ಲಿರುವವರು

ಮನೆ ಆರಿಸುವವರು ಸಾಮಾನ್ಯವಾಗಿ ದುಡಿಯುವವರು. ಆದರೆ ಹಗಲು ಆ ಮನೆಯಲ್ಲಿರುವವರು ಅಜ್ಜಿ, ತಾತ, ಪುಟ್ಟ ಮಕ್ಕಳು. ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಅಂಗಡಿಗೆ, ಔಷಧಕ್ಕೆ, ಬೆಳಗಿನ ಬಲಿಪೂಜೆಗೆ ನಡೆದುಹೋಗಬಲ್ಲಳೇ? ಕಾಲುದಾರಿ ಇದೆಯೇ, ಬೀದಿದೀಪ ಉರಿಯುತ್ತದೆಯೇ? ಆ ಜಾಗ ಯಾವ ಧರ್ಮಕೇಂದ್ರಕ್ಕೆ ಸೇರಿದೆಯೆಂದೂ ತಿಳಿಯಿರಿ. ಪ್ರತಿ ಸಲವೂ ಆಟೋ ಬೇಕೆಂದರೆ ಆಕೆ ಮೆಲ್ಲಗೆ ಹೊರಗೆ ಹೋಗುವುದನ್ನೇ ಬಿಡುತ್ತಾಳೆ. ಮನೆ ದೊಡ್ಡದಾಗುತ್ತದೆ, ಆಕೆಯ ಲೋಕ ಚಿಕ್ಕದಾಗುತ್ತದೆ. ಮುಂಗಡ ಕೊಡುವ ಮುನ್ನ ಆ ಬೀದಿಯ ಮೂರು ಮನೆಗಳ ಬಾಗಿಲು ತಟ್ಟಿ ಮಾತನಾಡಿ. ಅವರು ಯಾವ ಜಾತಿ, ಯಾವ ಮತ ಎಂಬುದು ಪ್ರಶ್ನೆಯಲ್ಲ. ನಡುರಾತ್ರಿ ಕಷ್ಟ ಬಂದರೆ ಬಾಗಿಲು ತೆರೆಯುವರೇ ಎಂಬುದೇ ಪ್ರಶ್ನೆ. ನಾವೂ ಅವರಿಗೆ ಹಾಗೆಯೇ ತೆರೆಯಬೇಕಷ್ಟೆ.

ಎಲ್ಲವೂ ಒಂದೇ ಕಡೆ ಸಿಗುವುದು ಅಪರೂಪ. ಯಾವುದನ್ನಾದರೂ ಬಿಡಲೇಬೇಕಾದಾಗ ಒಂದು ಕೋಣೆಯನ್ನು ಬಿಡಿ, ನೀರನ್ನೂ ನೆರೆಯವರನ್ನೂ ಬಿಡಬೇಡಿ. ಚಿಕ್ಕ ಮನೆಯಲ್ಲಿ ಹೊಂದಿಕೊಂಡು ಬಾಳಬಹುದು. ಕಾಲುವೆಯ ಮೇಲಿನ ದೊಡ್ಡ ಮನೆಯಲ್ಲಿ ಪ್ರತಿ ಮಳೆಗೂ ನಿದ್ದೆ ಕೆಡುತ್ತದೆ.

ಮನೆಯಲ್ಲಿ ಚರ್ಚಿಸಲು:

1. ನಮ್ಮಲ್ಲಿ ಹಗಲು ಹೆಚ್ಚು ಹೊತ್ತು ಮನೆಯಲ್ಲಿರುವವರು ಯಾರು? ಅವರ ಅಭಿಪ್ರಾಯ ಕೇಳಿದ್ದೇವೆಯೇ?

2. ಈ ಮನೆ ಕೊಂಡರೆ ದಿನಕ್ಕೆ ಎಷ್ಟು ಹೊತ್ತು ಎಲ್ಲರೂ ಒಟ್ಟಿಗಿರುತ್ತೇವೆ?

3. ಇಂದಿನ ಬೀದಿಯಲ್ಲಿ ನಮಗೆ ನೆರವಾದವರು ಯಾರು? ಹೊಸ ಬೀದಿಯಲ್ಲಿ ನಾವು ಯಾರಿಗೆ ನೆರವಾಗಬಲ್ಲೆವು?