ಗೋಳಗುಮ್ಮಟ ಕಂಡವರು ಲಂಡನ್ನಿನಲ್ಲಿ ನೋಡಬೇಕಾದದ್ದು

ರೋಣ, ನರಗುಂದ, ಗಜೇಂದ್ರಗಡದಿಂದ ಓದಲಿಕ್ಕೆ ಲಂಡನ್ನಿಗೆ ಹೋದ ಮಕ್ಕಳೇ, ರಜೆಯ ಒಂದು ದಿನವನ್ನು ಸೇಂಟ್ ಪಾಲ್ಸ್ ಕೆಥೆಡ್ರಲ್ಲಿಗೂ ಸೈನ್ಸ್ ಮ್ಯೂಸಿಯಮ್ಮಿಗೂ ಎತ್ತಿಡಿ. ರವಿವಾರ ಬೇಡ, ಅಂದು ಕೆಥೆಡ್ರಲ್ ಪ್ರಾರ್ಥನೆಗೆ ಮೀಸಲು. ನಮ್ಮ ಗುಡಿಗಳಂತೆ ಚಪ್ಪಲಿ ಬಿಡಬೇಕಿಲ್ಲ, ಗಂಡುಮಕ್ಕಳು ಟೋಪಿ ತೆಗೆದರೆ ಸಾಕು.

ಗುಮ್ಮಟದ ಕೆಳಗೆ ನಿಂತು ತಲೆ ಎತ್ತಿ. ಶಾಲೆಯ ಪ್ರವಾಸದಲ್ಲಿ ವಿಜಯಪುರದ ಗೋಳಗುಮ್ಮಟ ಹತ್ತಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ನೆನಪಿದೆಯೇ? ಇಲ್ಲಿಯೂ ಅಂಥದೇ ಪಿಸುಮಾತಿನ ಗ್ಯಾಲರಿಯಿದೆ. ಹತ್ತಲು ಬಿಡುತ್ತಾರೋ ಕೇಳಿಕೊಳ್ಳಿ. 1921ರಲ್ಲಿ ಮೊದಲ ಸಲ ವಿದೇಶಕ್ಕೆ ಬಂದ ಸಿ.ವಿ. ರಾಮನ್ ಇದನ್ನು ನೋಡಿ ಬರೀ ಬೆರಗಾಗಿ ಹೋಗಲಿಲ್ಲ. ಬಾಗಿದ ಗೋಡೆಗುಂಟ ಸದ್ದು ಹೇಗೆ ಸಾಗುತ್ತದೆಂದು ಪರೀಕ್ಷಿಸಿದರು. ದೇಶಕ್ಕೆ ಮರಳಿದ ಮೇಲೆ ನಮ್ಮ ಗೋಳಗುಮ್ಮಟದ ಮೇಲೂ ಬರೆದರು. ಅದೇ ಪಯಣದಲ್ಲಿ ಕಂಡ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಬೆಳಕಿನ ಚದುರುವಿಕೆಯ ಅಧ್ಯಯನಕ್ಕೆ ಎಳೆಯಿತು. ಆಗ ಅವರಿಗೆ ಬರೀ 32 ವರ್ಷ, ನಿಮಗಿಂತ ತುಸು ದೊಡ್ಡವರು ಅಷ್ಟೇ.

ಮಧ್ಯಾಹ್ನ ಸೌತ್ ಕೆನ್ಸಿಂಗ್ಟನ್ನಿಗೆ ಹೋಗಿ. ಮ್ಯೂಸಿಯಮ್ ಪ್ರವೇಶ ಉಚಿತ, ಆದರೆ ಮೊದಲೇ ಬುಕ್ ಮಾಡಿಕೊಳ್ಳಿ. ಎಲ್ಲ ಮಹಡಿಗಳನ್ನೂ ಮುಗಿಸುವ ಗಡಿಬಿಡಿ ಬೇಡ. 1969ರಲ್ಲಿ ಮೂವರನ್ನು ಹೊತ್ತು ಚಂದ್ರನನ್ನು ಸುತ್ತಿ ಬಂದ ಅಪೊಲೊ 10ರ ಕೋಶ ಅಲ್ಲಿದೆ. ವಾತಾವರಣದ ಕಾವಿಗೆ ಸುಟ್ಟು ಕರಕಾದ ಅದರ ತಳವನ್ನು ಹತ್ತಿರದಿಂದ, ನಿಧಾನವಾಗಿ ನೋಡಿ.

ಕಂಡದ್ದನ್ನು ಅಪ್ಪ-ಅವ್ವನಿಗೆ ಬಾಯ್ತುಂಬ ಹೇಳಿ. ಫೋನ್ ಮಾತ್ರ ಸಂಜೆ ಐದರೊಳಗೇ ಮಾಡಿ. ಊರಲ್ಲಿ ಆಗಲೇ ರಾತ್ರಿ ಒಂಬತ್ತು ದಾಟಿರುತ್ತದೆ.