ಹಳೆ ಕಾರು ಸಿಕ್ಕಿತೇ? ತೊಳೆಯುವ ಮೊದಲು ನಂಬರ್ ಓದಿ

ಬಂಟ್ವಾಳದಿಂದ ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಬೆಳ್ತಂಗಡಿಗೆ ಹೋಗುವ ರಸ್ತೆಯ ಆಚೀಚೆ, ಅತ್ತ ಮೂಡುಬಿದಿರೆಯ ಒಳಊರುಗಳಲ್ಲಿ, ಹಳೆ ಮನೆಗಳ ಕೊಟ್ಟಿಗೆಯಲ್ಲಿ ಈಗಲೂ ಅಜ್ಜನ ಕಾಲದ ಅಂಬಾಸಿಡರೋ ಫಿಯೆಟ್ಟೋ ಜೀಪೋ ಟಾರ್ಪಾಲು ಹೊದ್ದು ನಿಂತಿರುವುದುಂಟು. ಮನೆ ಪಾಲಾಗುವಾಗಲೋ ಕೊಟ್ಟಿಗೆ ಕೆಡವುವಾಗಲೋ ಅದರ ನೆನಪಾಗುತ್ತದೆ. ಆಗ ಆಗುವುದು ಎರಡರಲ್ಲಿ ಒಂದು: ಕಿಲೋ ಲೆಕ್ಕದಲ್ಲಿ ಗುಜರಿಗೆ, ಇಲ್ಲವೇ ನೇರ ಗ್ಯಾರೇಜಿಗೆ, ಟಿಂಕರಿಂಗ್-ಪೈಂಟಿಂಗ್ ಮಾಡಿಸಲು. ಎರಡೂ ತಪ್ಪು. ಗುಜರಿಗೆ ಹೋದ ಕಾರು ಹೋಯಿತು, ಅಷ್ಟೆ. ಗ್ಯಾರೇಜಿಗೆ ಹೋದದ್ದು ಲಕ್ಷಗಟ್ಟಲೆ ಖರ್ಚು ಮಾಡಿಸಿ, ತಾನು ಯಾರೆಂದು ಹೇಳುವ ಗುರುತನ್ನೇ ಕಳೆದುಕೊಂಡು ವಾಪಸು ಬರುತ್ತದೆ.

ಹಳೆಯದೆಲ್ಲ ವಿಂಟೇಜ್ ಅಲ್ಲ. ಕೆಲವು ಕ್ಲಬ್‌ಗಳ ಲೆಕ್ಕದಲ್ಲಿ 1919ರಿಂದ 1930ರ ಒಳಗಿನ ಕಾರುಗಳಿಗೆ ಮಾತ್ರ ಆ ಹೆಸರು. ನಮ್ಮ ಸರ್ಕಾರದ ಲೆಕ್ಕ ಬೇರೆ. 2021ರ ಜುಲೈಯಲ್ಲಿ ಬಂದ ಕೇಂದ್ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನ ವಿಂಟೇಜ್. ಚಾಸಿ, ಬಾಡಿ, ಎಂಜಿನ್ ಈ ಮೂರರಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಮ್ಮ ಕಡೆಯ ಎಷ್ಟೋ ಅಂಬಾಸಿಡರ್‌ಗಳು ಸೋಲುವುದು ಇಲ್ಲೇ. ಪೆಟ್ರೋಲ್ ದುಬಾರಿಯೆಂದು ಮೆಟಡೋರ್‌ನ ಡೀಸೆಲ್ ಎಂಜಿನ್ ಕೂರಿಸಿದ ಕಾರಿಗೆ ಎಷ್ಟೇ ವಯಸ್ಸಾಗಿದ್ದರೂ ವಿಂಟೇಜ್ ನೋಂದಣಿ ಸಿಗುವುದು ಕಷ್ಟ.

ಮೊದಲ ಕೆಲಸ: ನಂಬರ್

ಕಾರನ್ನು ಇದ್ದಲ್ಲೇ ಬಿಡಿ. ನಾಲ್ಕೂ ಕಡೆಯಿಂದ, ಬಾನೆಟ್ ಎತ್ತಿ, ಡಿಕ್ಕಿ ತೆರೆದು ಫೋಟೊ ತೆಗೆಯಿರಿ. ಆಮೇಲೆ ಮೂರು ಗುರುತು ಹುಡುಕಿ: ರಿವೆಟ್ ಹೊಡೆದು ಕೂರಿಸಿದ ಕಂಪನಿಯ ತಗಡು, ಚಾಸಿಯ ಮೇಲೆ ಕುಟ್ಟಿದ ನಂಬರ್, ಎಂಜಿನ್ ಬ್ಲಾಕ್ ಮೇಲೆ ಕುಟ್ಟಿದ ನಂಬರ್. ತಗಡು ಹೆಚ್ಚಾಗಿ ಬಾನೆಟ್ ಒಳಗೆ, ಎಂಜಿನ್‌ಗೂ ಡ್ಯಾಶ್‌ಬೋರ್ಡಿಗೂ ನಡುವಿನ ಗೋಡೆಯ ಮೇಲಿರುತ್ತದೆ.

ನಾನು ಹೆಚ್ಚು ನೋಡಿದ ಅನಾಹುತ ಈ ಹಂತದ್ದೇ, ಹಾಗಾಗಿ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕರಾವಳಿಯ ಮಳೆಗೆ ಚಾಸಿ ತುಕ್ಕು ಹಿಡಿದಿರುತ್ತದೆ, ನಂಬರ್ ಕಾಣುವುದಿಲ್ಲ. ಗ್ಯಾರೇಜಿನ ಹುಡುಗ ಗ್ರೈಂಡರ್‌ಗೆ ತಂತಿಬ್ರಷ್ ಸಿಕ್ಕಿಸಿ ಒಂದು ಸುತ್ತು ಓಡಿಸುತ್ತಾನೆ. ಕಬ್ಬಿಣ ಬೆಳ್ಳಿಯಂತೆ ಹೊಳೆಯುತ್ತದೆ. ತುಕ್ಕಿನ ಜತೆ ಐದೋ ಆರೋ ಅಂಕಿಗಳೂ ಹೋಗಿರುತ್ತವೆ. ಆರ್‌ಟಿಒ ಇನ್‌ಸ್ಪೆಕ್ಟರ್ ಕೇಳುವುದೇ ಆ ಅಂಕಿಗಳನ್ನು. ಸವೆದ ನಂಬರನ್ನು ಕಂಡವರು ಮೊದಲು ಅನುಮಾನಿಸುವುದು ಕಳ್ಳಮಾಲು ಎಂದು. ಹಾಗೆಂದು ಹೊಸದಾಗಿ ನಂಬರ್ ಕುಟ್ಟಿಸಲು ಹೋಗಬೇಡಿ, ಅದು ಪೊಲೀಸ್ ಕೇಸು.

ಹೀಗೆ ಮಾಡಿ. ಸೀಮೆಎಣ್ಣೆ ಅದ್ದಿದ ಬಟ್ಟೆಯನ್ನು ಆ ಜಾಗಕ್ಕೆ ಸುತ್ತಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಮರಳುಕಾಗದ, ತಂತಿಬ್ರಷ್, ಉಳಿ ಯಾವುದೂ ಬೇಡ. ಒರೆಸಿ ಒಣಗಿಸಿದ ಮೇಲೆ ಸೀಮೆಸುಣ್ಣದ ಪುಡಿ ತಿಕ್ಕಿ ಮೇಲ್ಮೈ ಒರೆಸಿದರೆ, ತಗ್ಗಿನಲ್ಲಿ ಉಳಿದ ಬಿಳಿಪುಡಿ ಅಂಕಿಗಳನ್ನು ತೋರಿಸುತ್ತದೆ. ಟಾರ್ಚನ್ನು ಎದುರಿನಿಂದಲ್ಲ, ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. ಬಳಿಕ ತೆಳು ಕಾಗದ ಅಂಟಿಸಿ ಮೆತ್ತನೆಯ ಪೆನ್ಸಿಲನ್ನು ಮಲಗಿಸಿ ಉಜ್ಜಿ ಅಚ್ಚು ತೆಗೆಯಿರಿ, ಎರಡು ಪ್ರತಿ. ಕೊನೆಗೆ ಆ ಜಾಗಕ್ಕೆ ಗ್ರೀಸ್ ಬಳಿಯಿರಿ. ಪೈಂಟಿಂಗಿಗೆ ಕೊಡುವ ದಿನ ಅಲ್ಲಿಗೆ ಟೇಪ್ ಹಚ್ಚಿಸಿ, ಪುಟ್ಟಿ ಮೆತ್ತದಂತೆ ನಿಂತು ನೋಡಿಕೊಳ್ಳಿ.

ತಗಡಿನ ರಿವೆಟ್ ಗಮನಿಸಿ. ಕಾರೆಲ್ಲ ತುಕ್ಕು, ರಿವೆಟ್ ಮಾತ್ರ ಹೊಸ ಅಲ್ಯೂಮಿನಿಯಂ ಎಂದರೆ ತಗಡು ಬೇರೆ ಕಾರಿನಿಂದ ಬಂದಿರಬಹುದು. ಕೊಳ್ಳುವವರು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಯಾವ ಕಾರು, ಯಾವ ಕಾಲದ್ದು?

ಅಂಬಾಸಿಡರ್ 1957ರ ಹೊತ್ತಿಗೆ ಬಂತು. ಅದಕ್ಕೂ ಮೊದಲು, 1954ರಿಂದ, ಹಿಂದುಸ್ತಾನ್ ಮೋಟಾರ್ಸ್ ಮಾಡಿದ್ದು ಲ್ಯಾಂಡ್‌ಮಾಸ್ಟರ್. ಲ್ಯಾಂಡ್‌ಮಾಸ್ಟರ್‌ನ ಬಾನೆಟ್ ನುಣ್ಣಗೆ ಉಬ್ಬಿದೆ, ಅಂಬಾಸಿಡರ್‌ನದಕ್ಕೆ ಎರಡೂ ಬದಿ ಒತ್ತಿದ ಗೀರುಗಳಿವೆ, ಹಿಂದಿನ ಮಡ್‌ಗಾರ್ಡ್ ತುದಿಯಲ್ಲಿ ಸಣ್ಣ ರೆಕ್ಕೆ ಇದೆ. ಎದುರಿನ ಗ್ರಿಲ್ ಚೌಕುಳಿಯಾದರೆ ಮಾರ್ಕ್ 2 (1960ರ ದಶಕ), ಅಡ್ಡಪಟ್ಟಿಯಾದರೆ 1975ರ ಮಾರ್ಕ್ 3 ಎನ್ನುತ್ತಾರೆ. ಆದರೆ ಗ್ರಿಲ್ ಅರ್ಧ ಗಂಟೆಯಲ್ಲಿ ಬಿಚ್ಚಿ ಬದಲಿಸುವ ವಸ್ತು. ಅದೊಂದನ್ನೇ ನಂಬಿ ಹಣ ಕೊಡಬೇಡಿ.

1950ರ ದಶಕದ ಫಿಯೆಟ್ 1100ಗೆ ಮುಂಬಾಗಿಲಿನ ಕೀಲು ನಡುಗಂಬದಲ್ಲಿದೆ, ಬಾಗಿಲು ಹಿಂದಕ್ಕೆ ತೆರೆಯುತ್ತದೆ. 1964ರ ಡಿಲೈಟ್‌ಗೂ 1974ರಿಂದ ಬಂದ ಪದ್ಮಿನಿಗೂ ಬಾಗಿಲು ಈಗಿನ ಕಾರುಗಳಂತೆ. ಪದ್ಮಿನಿಗೆ ಫಿಯೆಟ್ ಬ್ಯಾಡ್ಜ್ ಅಂಟಿಸಿ ‘ಹಳೆ ಇಟಲಿ ಗಾಡಿ’ ಎಂದು ಮಾರುವವರಿದ್ದಾರೆ. ಅಂಥಲ್ಲಿ ಆರ್‌ಸಿ ಪುಸ್ತಕದ ಮೊದಲ ಪುಟ ಕೇಳಿ.

ಜೀಪಿನಲ್ಲಿ ಮೋಸ ಇನ್ನೂ ಹೆಚ್ಚು. ಗುಡ್ಡದ ತೋಟಗಳಲ್ಲಿ ದುಡಿದ ಜೀಪುಗಳಲ್ಲಿ ಬಹುಪಾಲು ಮಹೀಂದ್ರದವು. ಅವನ್ನೇ ಎರಡನೇ ಮಹಾಯುದ್ಧದ ಜೀಪು ಎನ್ನುತ್ತಾರೆ. ಗ್ರಿಲ್‌ನ ಸೀಳು ಎಣಿಸಿ: ಯುದ್ಧಕಾಲದ ವಿಲ್ಲಿಸ್ ಎಂಬಿ ಮತ್ತು ಫೋರ್ಡ್ ಜಿಪಿಡಬ್ಲ್ಯೂಗಳ ಒತ್ತುತಗಡಿನ ಗ್ರಿಲ್‌ಗೆ ಒಂಬತ್ತು, ಆಮೇಲಿನ ನಾಗರಿಕ ಜೀಪಿಗೆ ಏಳು. ಯುದ್ಧದ ಜೀಪಿಗೆ ಹಿಂದೆ ಇಳಿಸುವ ಬಾಗಿಲಿಲ್ಲ, ಸ್ಟಿಯರಿಂಗ್ ಎಡಗಡೆ. ಬಾನೆಟ್ ಎತ್ತರವಾಗಿದ್ದರೆ ಅದು ಸಿಜೆ-3ಬಿ, ಮಹೀಂದ್ರ ದಶಕಗಳ ಕಾಲ ಮಾಡಿದ ಮಾದರಿ. ಫೋರ್ಡಿನದಾದರೆ ಬೋಲ್ಟ್‌ಗಳ ತಲೆಯ ಮೇಲೂ ಎಫ್ ಅಕ್ಷರ ಸಿಗುತ್ತದೆ. ಸಿಜೆ-3ಬಿ ಕೂಡ ಒಳ್ಳೆಯ ಗಾಡಿಯೇ. ಅದರ ಹೆಸರಲ್ಲೇ, ಅದರ ಬೆಲೆಗೇ ಕೊಳ್ಳಿ.

ಇನ್ನೊಂದು ಸುಳಿವು ಡೈನಮೋ, ಸ್ಟಾರ್ಟರ್‌ಗಳಲ್ಲಿದೆ. ಲುಕಾಸ್ ಬಿಡಿಭಾಗಗಳ ಮೇಲೆ ತಯಾರಾದ ತಿಂಗಳು-ವರ್ಷ ಒತ್ತಿರುವುದು ಸಾಮಾನ್ಯ. ಮೇಲೆ ಲುಕಾಸ್-ಟಿವಿಎಸ್ ಎಂದಿದ್ದರೆ ಆ ಭಾಗ 1961ರ ನಂತರದ್ದೇ, ಏಕೆಂದರೆ ಆ ಕಂಪನಿ ಹುಟ್ಟಿದ್ದೇ ಆಗ.

ನೋಂದಣಿ ಅಕ್ಷರವೂ ಮಾತಾಡುತ್ತದೆ. ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು, ಆಗಿನ ನೋಂದಣಿಯಲ್ಲಿ ಅಲ್ಲಿನ ಅಕ್ಷರ. ಎಂವೈ ಅಕ್ಷರ ಮೈಸೂರು ರಾಜ್ಯದ್ದು. ಕೆಎ ಬಂದದ್ದು 1989ರಲ್ಲಿ. ಹಳೆ ನಂಬರ್ ಪ್ಲೇಟನ್ನು ಬಿಸಾಡಬೇಡಿ.

ಅನುಮಾನ ಉಳಿದರೆ ಫೋಟೊ ಹಿಡಿದು ಧರ್ಮಸ್ಥಳಕ್ಕೆ ಹೋಗಿ. ಪುಂಜಾಲಕಟ್ಟೆಯಿಂದ ಅದೇ ರಸ್ತೆ. ಅಲ್ಲಿನ ಕಾರು ಸಂಗ್ರಹಾಲಯದಲ್ಲಿ ನಿಂತು ನಿಮ್ಮ ಕಾರಿನ ದೀಪ, ಹಿಡಿಕೆ, ಡ್ಯಾಶ್‌ಬೋರ್ಡ್ ಹೋಲಿಸಿ. ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ವೂ ಅದೇ ಕ್ಷೇತ್ರದ ಸಂಗ್ರಹ. ಪುಸ್ತಕದ ಚಿತ್ರಕ್ಕಿಂತ ಒಂದು ತಾಸು ಎದುರು ನಿಂತು ನೋಡುವುದೇ ಮೇಲು.

ಕಾಗದಪತ್ರ

ಜಾಗ ಕಡಿಮೆ, ಮುಖ್ಯವಾದುದಷ್ಟೇ ಹೇಳುತ್ತೇನೆ. ಆರ್‌ಸಿ ತೀರಿಹೋದ ಅಜ್ಜನ ಹೆಸರಲ್ಲಿದ್ದರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿ. ಉಳಿದ ಪಾಲುದಾರರ ಒಪ್ಪಿಗೆ ಬರಹದಲ್ಲಿರಲಿ. ವಿಂಟೇಜ್ ನೋಂದಣಿಗೆ ಪರಿವಾಹನ್ ತಾಣದಲ್ಲಿ ಫಾರಂ 20, ವಿಮೆ, ಹಳೆ ಆರ್‌ಸಿ ಬೇಕು. ಹೊರದೇಶದಿಂದ ತಂದದ್ದಾದರೆ ಕಸ್ಟಮ್ಸ್‌ನ ಆಮದು ದಾಖಲೆಯೂ ಬೇಕು. ಈಗಾಗಲೇ ನೋಂದಣಿಯಾದ ವಾಹನ ತನ್ನ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ಪಡೆದರೆ ರಾಜ್ಯದ ಅಕ್ಷರದ ನಂತರ ವಿಎ ಬರುತ್ತದೆ. 2021ರ ನಿಯಮದಲ್ಲಿ ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ; ಮರುನೋಂದಣಿಗೆ 5,000 ರೂಪಾಯಿ.

ವಿಂಟೇಜ್ ನೋಂದಣಿಯಾದ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ದುರಸ್ತಿ, ಪೆಟ್ರೋಲ್ ತುಂಬಿಸುವುದು ಇಂಥವಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ದಿನದ ಓಡಾಟಕ್ಕಿಲ್ಲ, ವ್ಯಾಪಾರಕ್ಕಂತೂ ಇಲ್ಲವೇ ಇಲ್ಲ. ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಬಿಡುವ ಯೋಚನೆ ಇದ್ದವರು ಈ ನೋಂದಣಿಗೆ ಅರ್ಜಿ ಹಾಕಬೇಡಿ.